ಕುದೂರಿನ ದೀರ್ಘ

ನಮ್ಮೂರಿನ ಹೆಸರನ್ನು ಕಂಪ್ಯೂಟರಿನಲ್ಲಿ ಮೂಡಿಸಬೇಕೆಂದರೆ ಆರು ಸಲ ಬೆರಳು ಊರಬೇಕು. ಕ, ಅದಕ್ಕೊಂದು ಕೊಂಬು. ದ, ಅದಕ್ಕೊಂದು ಕೊಂಬಿನಿಳಿ. ರ, ಅದಕ್ಕೆ ಮತ್ತೆ ಕೊಂಬು. ಐದನ್ನು ಬರಿದೆ ಒತ್ತಿದರೆ ಸಾಕು. ನಾಲ್ಕನೆಯದಕ್ಕೆ, ಆ ಕೊಂಬಿನಿಳಿಗೆ, ಎಡಗೈಯ ಕಿರುಬೆರಳು ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು. ಆ ಹಿಡಿತ ತಪ್ಪಿದರೆ ಕುದೂರು ಹೋಗಿ ಕುದುರು ಉಳಿಯುತ್ತದೆ.

ಹೋದ ಕಾರ್ತಿಕದಲ್ಲಿ ನನ್ನ ಅಂಗಡಿಯ ಪರದೆಯ ಮೇಲೆ ಅದೇ ಆಯಿತು. ಎದುರಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಪಹಣಿಯಲ್ಲಿ ಅವರ ಹೆಸರು ಒಂದು ಥರ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಥರ. ಎರಡನ್ನೂ ಒಂದು ಮಾಡಿಸಿಕೊಳ್ಳಲು ಅರ್ಜಿ ಬರೆಸಬೇಕಿತ್ತು. 'ಕುದೂರು ಹೋಬಳಿ, ಮಾಗಡಿ ತಾಲೂಕು' ಎಂದು ಹೊಡೆದು ಕತ್ತೆತ್ತಿದರೆ ಪರದೆಯ ಮೇಲೆ 'ಕುದುರು ಹೋಬಳಿ' ಎಂದಿದೆ. ತಿದ್ದಿದೆ. ಮುಂದಿನ ಸಾಲಿನಲ್ಲಿ ಅಜ್ಜಿಯ ಹೆಸರು. ಅದರ ಕೊನೆಯ 'ಅಮ್ಮ' ಒತ್ತು ಕಳೆದುಕೊಂಡು 'ಅಮಮ' ಎಂದು ನಿಂತಿತ್ತು. ಅದನ್ನೂ ತಿದ್ದಿದೆ. ಮೂರನೆಯ ಸಾಲಿನಲ್ಲಿ 'ರ' ಅಕ್ಷರ ಒಮ್ಮೆ ಒತ್ತಿದ್ದಕ್ಕೆ ಸಾಲು ತುಂಬ 'ರರರರರರ' ಎಂದು ಓಡತೊಡಗಿತು.

'ನನ್ನೆಸ್ರು ಸರಿಯಾಗ್ ಬಂತಾ ಮಗಾ?' ಎಂದರು ಅಜ್ಜಿ. ಅವರಿಗೆ ಓದಲು ಬರುವುದಿಲ್ಲ. ಕಣ್ಣು ಮಾತ್ರ ಪರದೆಯ ಮೇಲೇ ಇತ್ತು.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಾನು ಆ ಸಲ ನೋಡಿದೆ, ತಿದ್ದಿದೆ. ನೋಡದೆ ಹೋದ ಸಾಲುಗಳೆಷ್ಟೋ? ಹೊಸ ಕೀಬೋರ್ಡು ಬಂದು ಆಗ ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ಮುದ್ರಿಸಿ ಕೊಟ್ಟ ಕಾಗದಗಳಲ್ಲಿ ಯಾರ ಅಪ್ಪ 'ಅಪಪ' ಆಗಿ ಹೋಗಿದ್ದಾರೋ ಎಂಬ ಯೋಚನೆಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಗ್ಗೆ ಬೇಗ ಅಂಗಡಿ ತೆಗೆದು ಉಳಿಸಿಟ್ಟಿದ್ದ ಕಡತಗಳನ್ನೆಲ್ಲ ಒಂದೊಂದಾಗಿ ಓದಿದೆ. ಎರಡು ತಪ್ಪು ಸಿಕ್ಕವು. ಇಬ್ಬರಿಗೂ ಫೋನ್ ಮಾಡಿ ಕರೆಸಿ ಹೊಸ ಪ್ರತಿ ಕೊಟ್ಟೆ.

ನನ್ನದು ಸಣ್ಣ ಅಂಗಡಿ. ಕುದೂರು ಹೋಬಳಿ ಕೇಂದ್ರವಾದ್ದರಿಂದ ನಾಡಕಚೇರಿ ಕೆಲಸಕ್ಕೆ ಬರುವವರು ಅರ್ಜಿ ಬರೆಸಲು, ಜೆರಾಕ್ಸ್ ತೆಗೆಸಲು ಬರುತ್ತಾರೆ. ಮದುವೆಯ ಕಾಲದಲ್ಲಿ ಲಗ್ನಪತ್ರಿಕೆ, ಮಾಘ ಫಾಲ್ಗುಣದಲ್ಲಿ ಜಾತ್ರೆಯ ಕರಪತ್ರ, ವರ್ಷವಿಡೀ ಬಾಡಿಗೆ ಕರಾರು, ತಿಥಿ ಕಾರ್ಡು. ಈ ಕೆಲಸದಲ್ಲಿ ಅಕ್ಷರವೇ ಸರಕು. ನಾನು ಬೆರಳು ಕಲಿತದ್ದು ಮಾಗಡಿಯಲ್ಲಿ, ಕನ್ನಡ ಟೈಪ್‌ರೈಟರಿನ ಮೇಲೆ. ಆ ಯಂತ್ರದಲ್ಲಿ ಒತ್ತಕ್ಷರಗಳಿಗೇ ಬೇರೆ ಕೀಲಿಗಳಿದ್ದವು. ಬೆರಳು ಕೀಲಿಯನ್ನು ತಳ್ಳಿದರೆ ಕೀಲಿ ಕಬ್ಬಿಣದ ಕಡ್ಡಿಯನ್ನು ಎತ್ತುತ್ತಿತ್ತು, ಕಡ್ಡಿ ರಿಬ್ಬನ್ನಿನ ಮೇಲೆ ಬಡಿಯುತ್ತಿತ್ತು. ಬೆರಳಿಗೂ ಕಾಗದಕ್ಕೂ ನಡುವೆ ಇದ್ದದ್ದು ಬರೀ ಕಬ್ಬಿಣ. ಅಕ್ಷರ ಬೀಳದಿದ್ದರೆ ಯಾವ ಕಡ್ಡಿ ಸಿಕ್ಕಿಕೊಂಡಿದೆ ಎಂದು ಬಗ್ಗಿ ನೋಡಬಹುದಿತ್ತು.

ಕಂಪ್ಯೂಟರಿಗೆ ಬಂದಾಗ ಕಲಿಯಬೇಕಾಗಿ ಬಂದದ್ದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ನುಡಿ ತಂತ್ರಾಂಶದಲ್ಲಿರುವುದು ಅದೇ. ಕನ್ನಡ ಗಣಕ ಪರಿಷತ್ತಿನ ನುಡಿ ಬರುವ ಮೊದಲು, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವನ್ನೂ ಬಳಸಿದ್ದೇನೆ. ಆದರೆ ನನ್ನ ಬೆರಳಿಗೆ ಕೂತದ್ದು ರಾವ್ ಅವರ ವಿನ್ಯಾಸ. ಅದರ ಚೆಲುವು ಏನೆಂದರೆ ಕನ್ನಡಕ್ಕೆಂದು ಹೊಸ ಕೀಲಿಗಳೇ ಬೇಡ. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ನಮ್ಮ ವರ್ಣಮಾಲೆ ಪೂರ್ತಿ ಕೂರುತ್ತದೆ. ಬರಿದೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಬರಿದೆ ಒತ್ತಿದರೆ ನ, ಹಿಡಿದರೆ ಣ. ಲ ಮತ್ತು ಳ, ಸ ಮತ್ತು ಶ, ಹ್ರಸ್ವ ಮತ್ತು ದೀರ್ಘ, ಎಲ್ಲವೂ ಹೀಗೆ ಜೋಡಿ ಜೋಡಿ. ಇನ್ನು ಒತ್ತಕ್ಷರಕ್ಕೆ ಇರುವುದು ಒಂದೇ ಒಂದು ಕೀಲಿ, ಎಫ್. ಅ, ಮ, ಎಫ್, ಮ ಎಂದು ಒತ್ತಿದರೆ ಅಮ್ಮ. ಕನ್ನಡದ ನೂರಾರು ಒತ್ತಕ್ಷರಗಳೂ ಎಡಗೈ ತೋರುಬೆರಳಿನ ಕೆಳಗಿನ ಆ ಒಂದು ಗುಂಡಿಯನ್ನು ನಂಬಿಕೊಂಡಿವೆ.

ಅದರ ಅರ್ಥ ನನಗೆ ಹೊಳೆದದ್ದು ಈ ತೊಂದರೆಯಲ್ಲೇ. ಇಂಗ್ಲಿಷಿನಲ್ಲಿ ಹೊಡೆಯುವಾಗ ಒಂದು ಅಕ್ಷರ ಬಿದ್ದುಹೋದರೆ ಪದದಲ್ಲಿ ಒಂದು ಅಕ್ಷರ ಕಡಿಮೆಯಾಗುತ್ತದೆ, ಅಷ್ಟೆ. ಕನ್ನಡದಲ್ಲಿ ಎಫ್ ಬಿದ್ದರೆ ಪದದ ಕಟ್ಟೇ ಬಿಚ್ಚಿಕೊಳ್ಳುತ್ತದೆ. ನಮ್ಮ ಸೀಮೆಯ ಹೆಸರುಗಳನ್ನೇ ನೋಡಿ. ಯಾರ ಹೆಸರಾದರೂ ಸರಿ, ಕೊನೆಯಲ್ಲಿ ಅಮ್ಮ, ಅಪ್ಪ, ಅಯ್ಯ, ಅಣ್ಣ, ಇಲ್ಲವೇ ಅಕ್ಕ. ಐದಕ್ಕೂ ಬಾಲದಲ್ಲಿ ಒತ್ತಿದೆ. ಮಾಗಡಿ ಸೀಮೆಯಲ್ಲಿ ಒಂದು ಮತದಾರರ ಪಟ್ಟಿ ಹೊಡೆದರೆ ಎಫ್ ಕೀಲಿಗೆ ಬಿಡುವೇ ಇರದು. ಊರಿಗೆ ನೆರಳಾಗಿ ನಿಂತಿರುವ ಭೈರವನದುರ್ಗವನ್ನು ಹೊಡೆಯುವಾಗ ಶಿಫ್ಟ್ ತಪ್ಪಿದರೆ ಬೈರವ, ಎಫ್ ತಪ್ಪಿದರೆ ದುರಗ. ಜಿಲ್ಲೆಯ ಹೆಸರೂ ಹಾಗೆಯೇ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದಾಗ ನನ್ನಲ್ಲಿದ್ದ ಅರ್ಜಿ ನಮೂನೆಗಳನ್ನೆಲ್ಲ ತಿದ್ದಿದ್ದೆ. ರಾಮನಗರ ಎನ್ನಲು ಒಂದೇ ಒಂದು ಸಲ ಶಿಫ್ಟ್ ಸಾಕು. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಆಯಿತು. ಸೊನ್ನೆಗೆ, ಳಕಾರಕ್ಕೆ, ಕೊಂಬಿನಿಳಿಗೆ, ಣಕಾರಕ್ಕೆ ನಾಲ್ಕು ಸಲ ಶಿಫ್ಟ್, ಕ್ಷಕಾರಕ್ಕೆ ಒಂದು ಎಫ್. ಹಾಗೆ ಐದು ಕಡೆ ಜಾರಬಹುದಾದ ಹೆಸರನ್ನು ಈಗ ಪ್ರತಿ ಅರ್ಜಿಯ ನೆತ್ತಿಯ ಮೇಲೆ ಬರೆಯುತ್ತೇವೆ.

ಕುದುರು ಎಂಬುದೂ ಕನ್ನಡ ಪದವೇ. ವ್ಯಾಪಾರ ಕುದುರಿತು, ಸಂಬಂಧ ಕುದುರಿತು ಎನ್ನುತ್ತೇವೆ. ಕರಾವಳಿಯವರು ಹೊಳೆಯ ನಡುವಿನ ನಡುಗಡ್ಡೆಗೆ ಕುದುರು ಎನ್ನುತ್ತಾರೆ. ಹಾಗಾಗಿ ಪದ ತಿದ್ದುವ ತಂತ್ರಾಂಶವನ್ನು ನಂಬಿಕೊಂಡರೂ ಈ ತಪ್ಪು ಅದರ ಕಣ್ಣಿಗೆ ಬೀಳುವಂಥದಲ್ಲ. ಊರಿನವನೇ ನೋಡಿ ಹಿಡಿಯಬೇಕು.

ತಂತಿಯಿಲ್ಲದ ಆ ಕೀಬೋರ್ಡು ಮೌಸಿನ ಜೋಡಿಯನ್ನು ದೀಪಾವಳಿಗೆ ತಂದುಕೊಟ್ಟವಳು ಮಗಳು. ನನ್ನ ಮೇಜು ಕಿರಿದು. ಪ್ರಿಂಟರಿನ ತಂತಿ, ಜೆರಾಕ್ಸ್ ಯಂತ್ರದ ತಂತಿ, ಯುಪಿಎಸ್ ತಂತಿ ಎಲ್ಲ ಹೆಣೆದುಕೊಂಡು ಕೈಯಾಡಿಸಲು ಜಾಗವಿರಲಿಲ್ಲ. ಎರಡು ತಂತಿ ಕಡಿಮೆಯಾದದ್ದೇ ಮೇಜು ಹಗುರಾಯಿತು. ಲಗ್ನಪತ್ರಿಕೆಯ ಕರಡನ್ನು ತೋರಿಸುವಾಗ ಮೌಸನ್ನು ಎದುರು ಕೂತ ಹುಡುಗಿಯ ತಂದೆಯ ಕೈಗೇ ಕೊಟ್ಟು, ಯಾವ ಗಣಪತಿ ಬೇಕೋ ಆರಿಸಿಕೊಳ್ಳಿ ಎನ್ನಬಹುದಿತ್ತು. ಅದು ನನಗೆ ತುಂಬ ಹಿಡಿಸಿತ್ತು. ಆದ್ದರಿಂದ ತೊಂದರೆ ಶುರುವಾದಾಗ ಹಳೆಯದಕ್ಕೆ ಮರಳಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಜ್ಜಿಯ ಅರ್ಜಿಯನ್ನು ಮಾತ್ರ ಅಟ್ಟದ ಮೇಲಿನ ಹಳೆಯ ತಂತಿ ಕೀಬೋರ್ಡನ್ನು ಇಳಿಸಿ, ಧೂಳು ಒರೆಸಿ, ಅದರಲ್ಲೇ ಹೊಡೆದು ಮುಗಿಸಿದೆ. ಮುದ್ರಿಸಿ ಜೋರಾಗಿ ಓದಿ ಹೇಳಿದೆ. ತಮ್ಮ ಹೆಸರು ಬಂದ ಕಡೆ ಅವರು ಕೈ ಎತ್ತಿ ನಿಲ್ಲಿಸಿ, 'ಇನ್ನೊಂದ್ ಸಲ ಓದು' ಎಂದರು. ಓದಿದೆ. ಸರಿ ಎಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದರು.

ಆಮೇಲೆ ಹುಡುಕಾಟ.

ಮೊದಲು ಯಾರಿಗೂ ಹೊಳೆಯುವುದು ಬ್ಯಾಟರಿ. ಹೊಸ ಆಲ್ಕಲೈನ್ ಸೆಲ್ಲು 1.5 ವೋಲ್ಟಿನ ಮೇಲೆ ತೋರಿಸಬೇಕು. ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಮೀಟರ್ ತಂದು ಹಿಡಿದು ನೋಡಿದೆ, ಸರಿಯಾಗಿತ್ತು. ಆದರೂ ಬದಲಿಸಿದೆ. ಸೆಲ್ಲಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಸಾಯುವುದು ದೀಪ ಆರಿದ ಹಾಗೆ ಥಟ್ಟನೆ ಅಲ್ಲ. ದನಿ ಕುಗ್ಗಿದ ಹಾಗೆ ದಿನದಿನಕ್ಕೆ ದೂರ ಕಡಿಮೆಯಾಗುತ್ತ ಬರುತ್ತದೆ. ಮೊನ್ನೆ ಮೂರು ಮಾರು ದೂರದಿಂದ ನಡೆಯುತ್ತಿದ್ದ ಮೌಸು ಇವತ್ತು ಕಂಪ್ಯೂಟರ್ ಪೆಟ್ಟಿಗೆಯ ಹತ್ತಿರ ಒಯ್ದರೆ ಮಾತ್ರ ನಡೆಯುತ್ತದೆ ಎಂದರೆ ಸೆಲ್ಲು ಮುಗಿಯಿತೆಂದೇ ಲೆಕ್ಕ. ನನ್ನದು ಹಾಗಿರಲಿಲ್ಲ. ಒಂದು ಗಳಿಗೆ ಚೆನ್ನಾಗಿದ್ದು ಇನ್ನೊಂದು ಗಳಿಗೆ ಕೆಡುತ್ತಿತ್ತು.

ಮುಂದಿನ ಅನುಮಾನ ವಿಂಡೋಸಿನ ಮೇಲೆ. ವಿದ್ಯುತ್ ಉಳಿಸಲೆಂದು ಅದು ಬಳಸದ ಯುಎಸ್‌ಬಿ ಸಾಧನಗಳನ್ನು ಮಲಗಿಸುತ್ತದೆ. ಊಟಕ್ಕೆ ಹೋಗಿ ಬಂದ ಮೇಲೆ ಮೌಸು ಏಳುವುದೇ ಇಲ್ಲ ಎಂದು ದೂರುವವರ ಕಂಪ್ಯೂಟರಿನಲ್ಲಿ ಬಹಳ ಸಲ ಇದೇ ಕಾರಣ. ಡಿವೈಸ್ ಮ್ಯಾನೇಜರಿಗೆ ಹೋಗಿ, ಆ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದುಬಿಟ್ಟರೆ ಸರಿಹೋಗುತ್ತದೆ. ನಾನೂ ತೆಗೆದೆ. ನನ್ನ ರೋಗ ಬೇರೆಯಿತ್ತು.

ಪಕ್ಕದ ಬೇಕರಿಯಲ್ಲಿ ಮೈಕ್ರೋವೇವ್ ಒಲೆ ಇದೆ. ಅದು ನಡೆಯುವುದೂ 2.45 ಗಿಗಾಹರ್ಟ್ಸಿನಲ್ಲಿ, ನನ್ನ ಕೀಬೋರ್ಡು ಮಾತಾಡುವ 2.4 ಗಿಗಾಹರ್ಟ್ಸಿನ ನೆರೆಯಲ್ಲೇ. ಭಾರತದಲ್ಲಿ 2005ರಿಂದ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಕಿಲ್ಲ. ಹಾಗಾಗಿ ವೈಫೈ, ಬ್ಲೂಟೂತ್, ಮೌಸು, ಕೀಬೋರ್ಡು ಎಲ್ಲವೂ ಈ ಗೋಮಾಳದಲ್ಲೇ ಮೇಯುತ್ತವೆ. ಇಲ್ಲಿಯ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅರ್ಧ ಗೇಣಿಗೆ ತುಸು ಹೆಚ್ಚು. ಬೇಕರಿಯವರಿಗೆ ಹೇಳಿ ಒಲೆ ಹಚ್ಚಿಸಿ, ಆರಿಸಿ, ಎರಡು ಹೊತ್ತಿನಲ್ಲೂ ಟೈಪ್ ಮಾಡಿ ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ನಡುವೆ ದಪ್ಪ ಕಲ್ಲಿನ ಗೋಡೆಯಿತ್ತು, ಒಲೆಗೂ ತನ್ನದೇ ಲೋಹದ ಕವಚವಿತ್ತು.

ಕೊನೆಗೆ ಒಂದು ನೋಟ್‌ಬುಕ್ ಇಟ್ಟೆ. ತೊಂದರೆ ಕಂಡಾಗಲೆಲ್ಲ ಗಂಟೆ ಬರೆಯುವುದು, ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಏನೇನು ನಡೆಯುತ್ತಿತ್ತೋ ಬರೆಯುವುದು. ನಾಲ್ಕು ದಿನ ಸಂಜೆ ಆರರಿಂದ ಏಳರ ನಡುವೆಯೇ ಎಂದು ಬಂತು. ಸಂಜೆ ಜನ ಹೆಚ್ಚು, ಜನದ ಜೇಬಿನಲ್ಲಿ ಮೊಬೈಲು ಹೆಚ್ಚು, ಅದಕ್ಕೇ ಇರಬೇಕು ಎಂದುಕೊಂಡೆ. ಐದನೆಯ ದಿನ ಬೆಳಗ್ಗೆ ಹತ್ತಕ್ಕೇ, ಅಂಗಡಿಯಲ್ಲಿ ಜನಸಂದಣಿಯೇ ಇಲ್ಲದಿರುವಾಗ, ಪಾಯಿಂಟರು ತೆವಳತೊಡಗಿತು. ನೋಟ್‌ಬುಕ್ಕಿನಲ್ಲಿ ಆ ಗಂಟೆಯ ಪಕ್ಕ ಬರೆಯುತ್ತ ಬರೆಯುತ್ತ ಕೈ ನಿಂತಿತು. ಮೇಲಿನ ನಾಲ್ಕೂ ಸಾಲಿನಲ್ಲಿದ್ದ ಒಂದು ಮಾತು ಇಲ್ಲೂ ಇತ್ತು: ಸ್ಟುಡಿಯೋ ಹುಡುಗ, ಹಾರ್ಡ್ ಡಿಸ್ಕ್.

ಫೋಟೋ ಸ್ಟುಡಿಯೋದ ಹುಡುಗ ಮದುವೆಯ ಫೋಟೋಗಳನ್ನು ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ನನ್ನಲ್ಲಿಗೆ ತರುತ್ತಾನೆ. ಆಲ್ಬಮ್ಮಿನ ಹೆಸರು, ಮುಖಪುಟದ ಸಾಲುಗಳನ್ನು ನಾನು ಮಾಡಿಕೊಡುತ್ತೇನೆ. ಅವನು ಸಾಮಾನ್ಯವಾಗಿ ಬರುವುದು ಸಂಜೆ. ಆ ದಿನ ಬೇರೆಲ್ಲೋ ಹೋಗುವುದಿದ್ದು ಬೆಳಗ್ಗೆ ಬಂದಿದ್ದ. ಡಿಸ್ಕನ್ನು ಪೆಟ್ಟಿಗೆಯ ಹಿಂಬದಿಯ ನೀಲಿ ಕಿಂಡಿಗೆ ಚುಚ್ಚಿ ಫೋಟೋ ಇಳಿಸುತ್ತಿದ್ದೆವು. ಬಗ್ಗಿ ನೋಡಿದರೆ ಅದರ ಪಕ್ಕದ ಕಿಂಡಿಯಲ್ಲಿ, ಒಂದು ಬೆರಳಿನಷ್ಟೂ ಅಂತರವಿಲ್ಲದೆ, ಹೆಸರುಕಾಳು ಗಾತ್ರದ ದೀಪ ಮಿನುಗಿಸುತ್ತ ನನ್ನ ಕೀಬೋರ್ಡಿನ ರಿಸೀವರ್ ಕೂತಿತ್ತು.

ಡಿಸ್ಕ್ ಕಿತ್ತೆ. ಬೆರಳು ಮೊದಲಿನಂತೆ ಓಡಿತು. ಚುಚ್ಚಿದೆ. ಸಾಧಾರಣ. ದೊಡ್ಡ ಕಡತವೊಂದನ್ನು ಇಳಿಸಲು ಹಚ್ಚಿದೆ. ಕುದುರು, ಅಮಮ, ರರರರ. ಹುಡುಗನನ್ನು ಕೂರಿಸಿಕೊಂಡು ಡಿಸ್ಕ್ ನಡೆಯುವಾಗ ಇಪ್ಪತ್ತು ಸಾಲು, ನಡೆಯದಿರುವಾಗ ಇಪ್ಪತ್ತು ಸಾಲು ಹೊಡೆದು ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಮೊದಲ ಇಪ್ಪತ್ತರಲ್ಲಿ ಸರಿಯಾದ ಸಾಲು ಹುಡುಕಬೇಕಿತ್ತು. ಎರಡನೆಯ ಇಪ್ಪತ್ತರಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ.

ಕಾರಣ ಹೊಸದೇನಲ್ಲ. ಯುಎಸ್‌ಬಿ 3.0 ಎಂಬ ವೇಗದ ಸಂಪರ್ಕದ ನಿಯಮಾವಳಿ ಹೊರಬಂದದ್ದು 2008ರಲ್ಲಿ. ನೀಲಿ ನಾಲಿಗೆಯ ಕಿಂಡಿ ಅದರ ಗುರುತು. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಹರಿಯುತ್ತದೆ. ಆ ಹರಿವಿನ ಸದ್ದು ಕಿಂಡಿಯಿಂದ, ತಂತಿಯಿಂದ, ಡಿಸ್ಕಿನ ಮೈಯಿಂದ ಹೊರಗೆ ಸೋರುತ್ತದೆ. ಸೋರಿದ ಸದ್ದು ಅಗಲವಾಗಿ ಹರಡಿ 2.4 ಗಿಗಾಹರ್ಟ್ಸಿನ ಗೋಮಾಳವನ್ನೂ ತುಂಬುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆ ಮಾಡಿ ಇದನ್ನು ಪ್ರಕಟಿಸಿತು. ಆ ಸದ್ದನ್ನು ಸೋಸಿ ತೆಗೆಯುವ ಹಾಗೂ ಇಲ್ಲ, ಏಕೆಂದರೆ ಮಾಹಿತಿಗೆ ಬೇಕಾದ ಅಲೆಗಳೇ ಅಲ್ಲಿವೆ. ಕವಚ ಹಾಕಬೇಕು, ಇಲ್ಲವೇ ದೂರ ಇಡಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹೊಲದ ರಾಗಿ ಒಕ್ಕಣೆ. ಚಿಕ್ಕವನಾಗಿದ್ದಾಗ ಕಣದಲ್ಲಿ ರೋಣಗಲ್ಲು ಉರುಳುತ್ತಿತ್ತು. ಮೇಲಿನ ಬದುವಿನಿಂದ ಅಮ್ಮ 'ಉಣ್ಣಕ್ ಬಾರೋ' ಎಂದು ಕೂಗಿದರೆ ಎರಡು ಹೊಲದಾಚೆಗೂ ಕೇಳುತ್ತಿತ್ತು. ಆಮೇಲೆ ಒಕ್ಕಣೆ ಯಂತ್ರ ಬಂತು. ಯಂತ್ರದ ಪಕ್ಕ ನಿಂತವನಿಗೆ ಅದೇ ಅಮ್ಮ, ಅದೇ ಬದುವಿನಿಂದ, ಅದೇ ಗಟ್ಟಿ ದನಿಯಲ್ಲಿ ಕೂಗಿದರೂ ಕೇಳದು. ದನಿ ಕುಗ್ಗಿಲ್ಲ. ಕಿವಿಯ ಪಕ್ಕದಲ್ಲಿ ಗದ್ದಲ ನಿಂತಿದೆ. ನನ್ನ ಕೀಬೋರ್ಡಿನ ದನಿ ಸುಮಾರು ಒಂದು ಮಿಲಿವಾಟ್. ಅದು ಸರಿಯಾಗಿಯೇ ಕೂಗುತ್ತಿತ್ತು. ಬ್ಯಾಟರಿ ಬದಲಿಸಿ ನಾನು ಅದರ ಗಂಟಲಿಗೆ ಔಷಧಿ ಕೊಡುತ್ತಿದ್ದೆ. ಕಿವಿಯನ್ನು ಯಂತ್ರದ ಬಳಿಯಿಂದ ಈಚೆಗೆ ತರಬೇಕಿತ್ತು.

ಅಕ್ಷರ ಬೀಳುವುದೂ ಓಡುವುದೂ ಏಕೆಂಬುದೂ ಆಗಲೇ ತಿಳಿಯಿತು. ಕೀಬೋರ್ಡು 'ಇದು ರ' ಎಂದು ಅಕ್ಷರವನ್ನು ಕಳಿಸುವುದಿಲ್ಲ. ಈ ಕ್ಷಣದಲ್ಲಿ ಯಾವ ಯಾವ ಕೀಲಿ ಕೆಳಗಿವೆ ಎಂಬ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತದೆ. ಯುಎಸ್‌ಬಿಯ ಸಾದಾ ಪದ್ಧತಿಯಲ್ಲಿ ಆ ಸುದ್ದಿ 8 ಬೈಟಿನದು. ಮೊದಲ ಬೈಟು ಶಿಫ್ಟ್, ಕಂಟ್ರೋಲ್ ಮುಂತಾದವಕ್ಕೆ ಮೀಸಲು. ಕೀಲಿ ಇಳಿಯಿತು ಎಂಬ ಸುದ್ದಿ, ಎದ್ದಿತು ಎಂಬ ಸುದ್ದಿ ಎರಡೂ ದಾರಿಯಲ್ಲಿ ಕಳೆದರೆ ಆ ಅಕ್ಷರ ಹುಟ್ಟಲೇ ಇಲ್ಲ. ಎಫ್ ಹಾಗೆ ಕಳೆದರೆ ಅಮಮ. ಇಳಿದ ಸುದ್ದಿ ಬಂದು ಎದ್ದ ಸುದ್ದಿ ಕಳೆದರೆ ಬೆರಳು ಇನ್ನೂ ಅಲ್ಲೇ ಇದೆಯೆಂದು ಕಂಪ್ಯೂಟರ್ ತಿಳಿಯುತ್ತದೆ, ರರರರ ಎಂದು ಬರೆಯುತ್ತ ಹೋಗುತ್ತದೆ. ಇನ್ನು ದೀರ್ಘ. ಬೇಗ ಹೊಡೆಯುವವರ ಕಿರುಬೆರಳು ಶಿಫ್ಟನ್ನು ಒಂದು ಕೂದಲೆಳೆಯಷ್ಟು ಮೊದಲೇ ಬಿಟ್ಟಿರುತ್ತದೆ. ಶಿಫ್ಟ್ ಇದ್ದ ಸುದ್ದಿ ಕಳೆದು, ಶಿಫ್ಟ್ ಬಿಟ್ಟ ಮೇಲಿನ ಸುದ್ದಿ ಮಾತ್ರ ತಲುಪಿದರೆ ಕೊಂಬಿನಿಳಿಯ ಜಾಗದಲ್ಲಿ ಬರೀ ಕೊಂಬು ಕೂರುತ್ತದೆ. ರಿಸೀವರಿನಿಂದ ಮುಟ್ಟಿತೆಂಬ ಉತ್ತರ ಬರದಿದ್ದರೆ ಕೀಬೋರ್ಡು ಮತ್ತೆ ಮತ್ತೆ ಕಳಿಸುತ್ತದೆ, ಅದಕ್ಕೇ ಸಾಮಾನ್ಯ ದಿನಗಳಲ್ಲಿ ಇದೆಲ್ಲ ನಮ್ಮ ಗಮನಕ್ಕೆ ಬಾರದು. ಗದ್ದಲ ಮಿತಿಮೀರಿದಾಗ ಅದೂ ಸೋಲುತ್ತದೆ.

ಪರಿಹಾರ ಒಂದು ಮೊಳಕ್ಕಿಂತ ತುಸು ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ತಂತಿ. ಅದನ್ನು ಮುಂಬದಿಯ ಕಪ್ಪು ಕಿಂಡಿಗೆ, ಅಂದರೆ ಹಳೆಯ 2.0 ಕಿಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ ತಂದು ಅದರಲ್ಲಿ ರಿಸೀವರನ್ನು ಕೂರಿಸಿದೆ. ಈಗ ಕೀಬೋರ್ಡಿಗೂ ಅದಕ್ಕೂ ಒಂದು ಗೇಣು. ನಡುವೆ ಕಬ್ಬಿಣದ ಪೆಟ್ಟಿಗೆಯೂ ಇಲ್ಲ, ಗೋಡೆಯೂ ಇಲ್ಲ, ನನ್ನ ಮೊಣಕಾಲೂ ಇಲ್ಲ. ನೀರು ತುಂಬಿದ ನಮ್ಮ ಮೈ ಕೂಡ ಈ ಅಲೆಯನ್ನು ಹೀರುತ್ತದೆ. ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅದರ ಬೆನ್ನಿಗೆ ರಿಸೀವರ್ ಚುಚ್ಚುವ ಅಭ್ಯಾಸವೇ ಅರ್ಧ ತೊಂದರೆಗಳ ಬೇರು ಎಂಬುದು ನನ್ನ ಅನುಭವ. ಸ್ಟುಡಿಯೋ ಹುಡುಗ ಅಂದಿನಿಂದ ಇಂದಿನವರೆಗೆ ಎಷ್ಟೋ ಮದುವೆ ಇಳಿಸಿದ್ದಾನೆ. ಅಕ್ಷರ ಬಿದ್ದಿಲ್ಲ.

ಈ ಸುದ್ದಿ ಹೇಗೋ ಹರಡಿ ಜನ ಮೌಸು ಕೀಬೋರ್ಡುಗಳನ್ನು ಹಿಡಿದು ನನ್ನಲ್ಲಿಗೆ ಬರತೊಡಗಿದರು. ಒಬ್ಬ ಮೇಷ್ಟರು ಸತ್ತುಹೋಗಿದೆ ಎಂದು ತಂದ ಮೌಸಿನ ಹೊಟ್ಟೆಯ ಕೆಳಗೆ ಸಣ್ಣ ಸ್ವಿಚ್ ಇತ್ತು, ಚೀಲದಲ್ಲಿಟ್ಟಾಗ ಉಜ್ಜಿ ಆಫ್ ಆಗಿತ್ತು. ಒಂದು ಮನೆಯಲ್ಲಿ ಊಟದ ಮೇಜಿನ ಗಾಜಿನ ಮೇಲೆ ಮೌಸು ಓಡಿಸುತ್ತಿದ್ದರು. ಮೌಸಿನ ಕಣ್ಣು ಕೆಳಗಿನ ಮೇಲ್ಮೈಯ ಪುಟ್ಟ ಪುಟ್ಟ ಚಿತ್ರಗಳನ್ನು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ತೆಗೆದು, ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ನೋಡಿ ಚಲನೆ ತಿಳಿಯುತ್ತದೆ. ನುಣುಪಾದ ಗಾಜಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಗುರುತೇ ಇಲ್ಲ. ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಮಗುಚಿ ಹಾಸಿ ಬಂದೆ. ಇನ್ನೊಂದರಲ್ಲಿ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ. ಹತ್ತಿಗೆ ಎರಡು ಹನಿ ನಿಂಬೆರಸ ತಾಗಿಸಿ ಒರೆಸಿ, ಒಣಗಿಸಿ, ಪೆನ್ಸಿಲ್ ರಬ್ಬರಿನಿಂದ ಲೋಹದ ತುದಿ ಉಜ್ಜಿದರೆ ಜೀವ ಬರುತ್ತದೆ. ತಿಂಗಳುಗಟ್ಟಲೆ ಬಳಸದ ಸಾಧನದಿಂದ ಸೆಲ್ಲು ತೆಗೆದಿಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ನನ್ನನ್ನು ಹೆಚ್ಚು ನೋಯಿಸುವುದು ರಿಸೀವರ್ ಕಳೆದುಕೊಂಡು ಬರುವವರು. ಉಗುರಿನಷ್ಟು ವಸ್ತು. ಕಸ ಗುಡಿಸುವಾಗ ಹೋಗುತ್ತದೆ, ಮಕ್ಕಳ ಕೈಗೆ ಸಿಕ್ಕಿ ಹೋಗುತ್ತದೆ. ಕೀಬೋರ್ಡೂ ರಿಸೀವರೂ ಒಂದನ್ನೊಂದು ಗುರುತು ಹಿಡಿಯುವ ಜೋಡಿಗಳು. ಅಗ್ಗದ ಜೋಡಿಗಳಲ್ಲಿ ರಿಸೀವರ್ ಹೋದರೆ ಉಳಿದದ್ದು ಬರೀ ಪ್ಲಾಸ್ಟಿಕ್ಕು. ಲಾಜಿಟೆಕ್ ಕಂಪನಿ 2009ರಲ್ಲಿ ತಂದ ಯೂನಿಫೈಯಿಂಗ್ ರಿಸೀವರಿಗೆ ಆರು ಸಾಧನಗಳವರೆಗೆ ಕೂಡಿಸಬಹುದು, ಬೇರೆ ರಿಸೀವರ್ ಕೊಂಡು ಮತ್ತೆ ಜೋಡಿ ಮಾಡಿಸಲೂಬಹುದು. ಅದೇ ಕಂಪನಿಯ 2021ರ ಬೋಲ್ಟ್ ರಿಸೀವರ್ ಮಾತ್ರ ಇದಕ್ಕೆ ಹೊಂದುವುದಿಲ್ಲ. ಯಾವುದಕ್ಕೂ, ಹಾಳಾಯಿತೆಂದು ಮೌಸನ್ನು ಎಸೆಯುವ ಮೊದಲು ಸೆಲ್ಲಿನ ಗೂಡನ್ನು ತೆರೆದು ನೋಡಿ. ರಿಸೀವರನ್ನು ಬಚ್ಚಿಡಲೆಂದೇ ಬಹಳಷ್ಟು ಮೌಸುಗಳಲ್ಲಿ ಅಲ್ಲೊಂದು ಪುಟ್ಟ ಗೂಡಿರುತ್ತದೆ.

ಮೌಸು ಕೈಕೊಟ್ಟು ಕೀಬೋರ್ಡು ನಡೆಯುತ್ತಿದ್ದರೆ ಗಾಬರಿ ಬೇಡ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಕೇಳಿದ್ದಕ್ಕೆ ಹೌದು ಎಂದರೆ ಬಲಬದಿಯ ಅಂಕಿಗಳೇ ಪಾಯಿಂಟರನ್ನು ಓಡಿಸುತ್ತವೆ. ಕೀಬೋರ್ಡು ಕೈಕೊಟ್ಟು ಮೌಸು ನಡೆಯುತ್ತಿದ್ದರೆ ಪರದೆಯ ಮೇಲೇ ಕೀಲಿಮಣೆ ತೆರೆಯಬಹುದು. ಇಷ್ಟಾದರೂ ಒಂದು ತಂತಿ ಕೀಬೋರ್ಡು ಅಟ್ಟದ ಮೇಲಿರಲಿ. ಬ್ಲೂಟೂತ್ ಕೀಬೋರ್ಡುಗಳು ಸಾಮಾನ್ಯವಾಗಿ ವಿಂಡೋಸ್ ಏಳುವ ಮೊದಲು ಕಂಪ್ಯೂಟರಿಗೆ ಕೇಳಿಸುವುದಿಲ್ಲ. ಕಂಪ್ಯೂಟರ್ ಏಳದೆ ನಿಂತಾಗ ಎಬ್ಬಿಸಲು ತಂತಿಯೇ ಬೇಕು.

ತಂತಿ ಕೀಬೋರ್ಡನ್ನು ಈಗ ನಾನು ಅಟ್ಟಕ್ಕೆ ಹಾಕಿಲ್ಲ, ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಅದಕ್ಕೆ ಬೇರೆಯೇ ಕಾರಣವಿದೆ. ಬಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು 2016ರಲ್ಲಿ ಎರಡು ಸಂಗತಿ ತೋರಿಸಿದರು. ಹಲವು ಕಂಪನಿಗಳ ತಂತಿಯಿಲ್ಲದ ಮೌಸುಗಳ ರಿಸೀವರಿಗೆ ಹೊರಗಿನವರು ದೂರದಿಂದಲೇ ಕೀಲಿ ಒತ್ತಿದಂತೆ ಸುದ್ದಿ ಕಳಿಸಬಹುದು. ಕೆಲವು ಅಗ್ಗದ ಕೀಬೋರ್ಡುಗಳು ಒತ್ತಿದ ಕೀಲಿಗಳನ್ನು ಗೂಢಲಿಪಿಯಿಲ್ಲದೆ, ಬಯಲಲ್ಲಿ ಕೂಗಿದಂತೆ ಕಳಿಸುತ್ತವೆ. ನನ್ನ ಬೆಂಚಿನ ಮೇಲೆ ಕೂತವರು ನನ್ನನ್ನು ನಂಬಿ ಆಧಾರ್ ಸಂಖ್ಯೆ ಹೇಳುತ್ತಾರೆ, ಬ್ಯಾಂಕ್ ಖಾತೆಯ ಸಂಖ್ಯೆ ಹೇಳುತ್ತಾರೆ. ಕೆಲವರು ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಾರೆ. ಅಂಥದ್ದನ್ನು ಗಾಳಿಗೆ ಬಿಡಲು ನನಗೆ ಮನಸ್ಸಿಲ್ಲ. ಅಂಥ ಸಾಲು ಬಂದಾಗ ಡ್ರಾಯರ್ ಎಳೆದು ತಂತಿ ಕೀಬೋರ್ಡು ತೆಗೆಯುತ್ತೇನೆ. ಉಳಿದದ್ದಕ್ಕೆ ಮಗಳು ಕೊಟ್ಟದ್ದು.

ಈಗ ಬೆಳಗ್ಗೆ ಅಂಗಡಿ ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಎದ್ದ ಕೂಡಲೇ ಒಂದು ಖಾಲಿ ಪುಟ ತೆರೆಯುತ್ತೇನೆ. ಅದರಲ್ಲಿ ದಿನವೂ ಒಂದೇ ಸಾಲು: ಕುದೂರು, ಭೈರವನದುರ್ಗ, ಬೆಂಗಳೂರು ದಕ್ಷಿಣ, ಅಮ್ಮ, ಅಪ್ಪ, ಅಯ್ಯ, ಅಣ್ಣ, ಅಕ್ಕ. ಜಾರುವ ಜಾಗಗಳೆಲ್ಲ ಅದರಲ್ಲಿವೆ. ಸ್ವಲ್ಪ ಬೇಗಬೇಗನೇ ಹೊಡೆಯುತ್ತೇನೆ, ಜನ ಕಾದಿರುವಾಗ ಹೊಡೆಯುವ ವೇಗದಲ್ಲೇ. ಆಮೇಲೆ ಕನ್ನಡಕ ಸರಿಮಾಡಿಕೊಂಡು ದೀರ್ಘ, ಒತ್ತು, ಮಹಾಪ್ರಾಣಗಳನ್ನು ಒಂದೊಂದಾಗಿ ನೋಡುತ್ತೇನೆ. ಎಲ್ಲ ಇದ್ದರೆ ಸಾಲನ್ನು ಅಳಿಸಿ, ಬೆಂಚಿನ ತುದಿಯಲ್ಲಿ ಕಾಗದದ ಚೀಲ ಹಿಡಿದು ಕೂತ ಮೊದಲನೆಯವರನ್ನು ಕರೆಯುತ್ತೇನೆ.

'ಬನ್ನಿ. ಹೆಸರು ಹೇಳಿ.'